ಎಚ್ಚರಪ್ಪ ಬರೆದ ಪಾಳಿ ಪಟ್ಟಿ

ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಒಂದಿತ್ತು, ಆದರೆ ಹಾಜರಿ ಪುಸ್ತಕ ಬಿಟ್ಟರೆ ಅದು ಇನ್ನೆಲ್ಲೂ ಉಳಿದಿರಲಿಲ್ಲ. ಅಗ್ನಿಶಾಮಕ ಠಾಣೆಯಲ್ಲಿ ಎಲ್ಲರಿಗೂ ಅವನು ಎಚ್ಚರಪ್ಪ. ಹತ್ತೊಂಬತ್ತು ವರ್ಷದ ಸರ್ವಿಸಿನಲ್ಲಿ ಕಡೆಯ ಹತ್ತು ವರ್ಷವಂತೂ, ಬೆಲ್ ಹೊಡೆದಾಗ ಅವನು ಮಲಗಿದ್ದನ್ನು ಕಂಡವರಿಲ್ಲ. ಉಳಿದವರು ಕಣ್ಣುಜ್ಜಿಕೊಂಡು ಒಂದು ಬೂಟು ಹುಡುಕುವಷ್ಟರಲ್ಲಿ ಇವನು ಎರಡೂ ಬೂಟು ಮೆಟ್ಟಿ, ಹೆಲ್ಮೆಟ್ ಬಿಗಿದು, ಗಾಡಿ ಹತ್ತಿ ಕೂತು, "ಬನ್ರೋ, ಬೆಂಕಿ ತಾನಾಗೇ ಆರಿದ ಮೇಲೆ ಹೋಗೋಣ್ವಾ?" ಅಂತ ಕೂಗುತ್ತಿದ್ದ.

ಜನ ಅದನ್ನು ಚುರುಕು ಅಂದುಕೊಂಡರು. ಚುರುಕೂ ಇಲ್ಲ, ಮಣ್ಣೂ ಇಲ್ಲ. ಆತನಿಗೆ ನಿದ್ದೆ ಬರುತ್ತಿರಲಿಲ್ಲ, ಅಷ್ಟೆ.

ಸೇರಿದ ಹೊಸದರಲ್ಲಿ ಬರುತ್ತಿತ್ತು. ಹಾಸಿಗೆ ಕಂಡರೆ ಸಾಕು, ಕೊರಡಿನ ಹಾಗೆ ಬೀಳುತ್ತಿದ್ದ. ಒಂದು ದಿನ ಇಪ್ಪತ್ನಾಲ್ಕು ಗಂಟೆ ಡ್ಯೂಟಿ, ಮರುದಿನ ಇಪ್ಪತ್ನಾಲ್ಕು ಗಂಟೆ ಬಿಡುವು. ಹೀಗೆ ವರ್ಷ ಉರುಳಿದ ಹಾಗೆ ಮೈ ಮಲಗಿದರೂ ಕಿವಿ ಮಲಗದ ರೋಗ ಹತ್ತಿತು. ಬೆಲ್ ಈಗ ಹೊಡೆದೀತು, ಆಗ ಹೊಡೆದೀತು ಅಂತ ಕಿವಿ ಕಾಯುತ್ತಲೇ ಇರುತ್ತಿತ್ತು. ಮನೆಗೆ ಬಂದರೂ ಅದೇ ಹಾಡು. ಪಕ್ಕದ ಮನೆಯ ಕುಕ್ಕರ್ ಕೂಗಿದರೆ ಇವನ ಕಾಲು ನೆಲದಲ್ಲಿ ಬೂಟು ತಡಕಾಡುತ್ತಿತ್ತು. ಪುಣ್ಯವಿದ್ದ ದಿನ ಒಂದಿಷ್ಟು ಕೋಳಿನಿದ್ದೆ, ಇಲ್ಲದ ದಿನ ಅದೂ ಇಲ್ಲ. ಆರು ಮಹಡಿಯ ಮೆಟ್ಟಿಲನ್ನು ಪೈಪು ಹೊತ್ತುಕೊಂಡು ಒಂದೇ ಉಸಿರಿಗೆ ಹತ್ತುತ್ತಿದ್ದವನು ನಲವತ್ತೈದರ ಹೊತ್ತಿಗೆ ನಾಲ್ಕನೆಯ ಮಹಡಿಯಲ್ಲಿ ಕೈಗವಸು ಸರಿಮಾಡಿಕೊಳ್ಳುವ ನೆಪ ಹೂಡತೊಡಗಿದ. ಒಮ್ಮೆಯಂತೂ ತಲೆಯ ಮೇಲೇ ಇದ್ದ ಹೆಲ್ಮೆಟ್ಟನ್ನು ಠಾಣೆಯೆಲ್ಲ ಹುಡುಕಿ, ಕಸ ಗುಡಿಸುವವಳ ಮೇಲೆ ಹರಿಹಾಯ್ದಿದ್ದ.

ಇಷ್ಟಾದರೂ ಆಸಾಮಿಗೆ ಅದರ ಬಗ್ಗೆ ಜಂಬ. "ಮಲಗೋಕೆ ಸಂಬಳ ಕೊಡಲ್ಲ ಕಣ್ರೋ" ಅನ್ನುತ್ತಿದ್ದ. ಈ ಜಂಬಕ್ಕೆ ಮಣ್ಣು ಹಾಕಿದವನು ಬೇರೆ ಯಾರೂ ಅಲ್ಲ, ಸ್ವಂತ ಬಾಮೈದ.

ಹೆಂಡತಿಯ ತಮ್ಮ. ಅಕ್ಕನ ಮನೆಯಲ್ಲೇ ಇದ್ದುಕೊಂಡು, ಭಾವನ ಯೂನಿಫಾರ್ಮು ನೋಡಿ ಆಸೆಪಟ್ಟು ಅದೇ ಠಾಣೆಗೆ ಸೇರಿ ಏಳು ವರ್ಷವಾಗಿತ್ತು. ಮೂವತ್ತೊಂದರ ವಯಸ್ಸು, ಬಾಗಿಲು ತುಂಬುವ ಮೈಕಟ್ಟು. ಮತ್ತೆ ಅವನ ನಿದ್ದೆಯನ್ನು ಏನಂತ ಹೇಳುವುದು! ಕೂತರೆ ನಿದ್ದೆ, ಒರಗಿದರೆ ನಿದ್ದೆ. ಸುತ್ತಿಟ್ಟ ಪೈಪಿನ ಮೇಲೆ ತಲೆ ಇಟ್ಟರೂ ಅವನಿಗೆ ಅದು ಹತ್ತಿಯ ದಿಂಬು. ಬೆಲ್ ಹೊಡೆದರೆ ಮಾತ್ರ ಚೆಂಡಿನ ಹಾಗೆ ಪುಟಿದೇಳುತ್ತಿದ್ದ. ಬೆಂಕಿ ಆರಿಸಿ ಬಂದು ಬೂಟು ಕಳಚಿದನೋ, ಬಿಟ್ಟ ಜಾಗದಿಂದಲೇ ಗೊರಕೆ ಮುಂದುವರಿಯುತ್ತಿತ್ತು. "ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಅಂತ ಠಾಣೆಯವರು ನಗುತ್ತಿದ್ದರು. ಎಚ್ಚರಪ್ಪನಿಗೆ ನಗು ಬರುತ್ತಿರಲಿಲ್ಲ. ಪಕ್ಕದ ಮಂಚದಲ್ಲಿ ಅಂಗಾತ ಮಲಗಿ, ಕಣ್ಣು ಬಿಟ್ಟುಕೊಂಡು ಆ ಗೊರಕೆ ಕೇಳುವುದಿದೆಯಲ್ಲ, ಹಸಿದವನ ಎದುರು ಕೂತು ಒಬ್ಬ ಚಪ್ಪರಿಸಿಕೊಂಡು ಉಂಡ ಹಾಗೆ. ಹೊಟ್ಟೆ ಉರಿಯುತ್ತಿತ್ತು. ಊರಿನ ಬೆಂಕಿಗೆಲ್ಲ ನೀರು ಹಾಕುವವನಿಗೆ ಈ ಉರಿಗೆ ಎಲ್ಲಿಂದ ನೀರು ತರುವುದೋ ತಿಳಿಯಲಿಲ್ಲ.

ಮನೆಯಲ್ಲಿ ಹೆಂಡತಿ ಗಾಯದ ಮೇಲೆ ಬರೆ ಎಳೆಯುತ್ತಿದ್ದಳು. ಬೇಕೂ ಅಂತಲ್ಲ. ಡ್ಯೂಟಿ ಮುಗಿಸಿ ಇಬ್ಬರೂ ಒಟ್ಟಿಗೇ ಬೆಳಿಗ್ಗೆ ಮನೆಗೆ ಬಂದರೆ, ತಮ್ಮ ಹಿಂದಿನ ಕೋಣೆಗೆ ಹೋಗಿ ಬಿದ್ದ ಕೂಡಲೇ ಅವಳು ಕಿಟಕಿಯ ಪರದೆ ಎಳೆದು, ಬೆರಳ ತುದಿಯಲ್ಲಿ ನಡೆದು ಬರುತ್ತಿದ್ದಳು.

"ಪಾಪ, ಎಷ್ಟು ದಣಿದಿದಾನೆ ನೋಡ್ರೀ ನನ್ನ ತಮ್ಮ."

"ನಾನೇನು ಪಲ್ಲಕ್ಕೀಲಿ ಕೂತು ಬಂದೆನಾ? ಅವನು ಹಿಡಿದ ಪೈಪನ್ನೇ ಹಿಂದೆ ನಿಂತು ನಾನೂ ಹಿಡಿದಿದ್ದೆ."

"ನಿಮಗೇನ್ರೀ, ನೀವು ಮಲಗೋದೇ ಇಲ್ಲವಲ್ಲ. ಬನ್ನಿ, ಬಿಸಿನೀರು ಕಾದಿದೆ."

ಆ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಎಚ್ಚರಪ್ಪನಿಗೆ ಅದು, ತಮ್ಮನಿಗೆ ಪರದೆ, ಗಂಡನಿಗೆ ಬರೀ ಬಿಸಿನೀರು, ಅಂತ ಕೇಳಿಸುತ್ತಿತ್ತು. ಹೊಟ್ಟೆಕಿಚ್ಚಿನವನ ಕಿವಿಯೇ ಹಾಗೆ.

ಹೀಗಿರುವಾಗ ಠಾಣೆಯ ಲೀಡಿಂಗ್ ಫೈರ್‌ಮನ್ ನಿವೃತ್ತನಾದ. ಒಂದೇ ಹುದ್ದೆ ಖಾಲಿ. ಸಾಹೇಬರು, ಅಂದರೆ ಠಾಣಾಧಿಕಾರಿ, ಎರಡು ಹೆಸರು ಆರಿಸಿಟ್ಟರು: ಒಂದು ಎಚ್ಚರಪ್ಪನದು, ಇನ್ನೊಂದು ಬಾಮೈದನದು. ಎರಡು ವಾರಕ್ಕೆ ಸರಿಯಾಗಿ ಮೈಕಸುವಿನ ಪರೀಕ್ಷೆ. ಮಾಸ್ಕು, ಉಸಿರಾಟದ ಗಾಳಿಯ ಸಿಲಿಂಡರ್ ಸಮೇತ ಪೂರ್ತಿ ಉಡುಪಿನಲ್ಲಿ ಪೈಪಿನ ಕಟ್ಟು ಹೊತ್ತು ಡ್ರಿಲ್ ಗೋಪುರ ಹತ್ತಬೇಕು, ಕೆಳಗಿಳಿದು ನೀರು ತುಂಬಿದ ಪೈಪನ್ನು ಮೈದಾನದುದ್ದ ಎಳೆಯಬೇಕು, ಕೊನೆಗೆ ಮರಳು ತುಂಬಿದ ಎಂಬತ್ತು ಕಿಲೋ ಬೊಂಬೆಯನ್ನು ಗೆರೆ ದಾಟಿಸಬೇಕು. ಯಾರದು ಬೇಗ ಮುಗಿಯಿತೋ ಅವನದು ಹುದ್ದೆ.

ಎಚ್ಚರಪ್ಪನಿಗೆ ಆ ಹುದ್ದೆಯ ಮೇಲೆ ಯಾಕಷ್ಟು ಆಸೆ ಅಂದರೆ, ಕೇಳಿ. ಬೆಂಕಿಯ ಮುಂದೆ ಪೈಪಿನ ತುದಿಯ ನಾಜಲ್ ಹಿಡಿದು ಮೊದಲು ನಿಲ್ಲುವವನು ಲೀಡಿಂಗ್, ಆ ಮರ್ಯಾದೆ ಸರಿಯೇ. ಆದರೆ ಅಸಲು ಆಸೆ ಬೇರೆ. ಲೀಡಿಂಗ್ ಆದವನಿಗೆ ರಾತ್ರಿಯ ಫೋನ್ ಪಾಳಿ ಇಲ್ಲ. ಅವನಿಗೆ ಕಾರಿಡಾರಿನ ಕೊನೆಯಲ್ಲಿ ಒಂದು ಪುಟ್ಟ ಕೋಣೆ, ಒಂದು ಮಂಚ, ಮುಚ್ಚಿಕೊಳ್ಳಲು ಒಂದು ಬಾಗಿಲು. ಇನ್ನೊಬ್ಬರ ಗೊರಕೆ ಇಲ್ಲ. ಆ ಬಾಗಿಲು ಹಾಕಿಕೊಂಡು ಮಲಗಿದರೆ ನಿದ್ದೆ ಬಂದೇ ಬರುತ್ತದೆ ಅಂತ ಎಚ್ಚರಪ್ಪ ನಂಬಿಬಿಟ್ಟಿದ್ದ. ಹೊರಗೆ ಯಾರಿಗೂ ಹೇಳಲಿಲ್ಲ. ನಿದ್ದೆಗಾಗಿ ಹುದ್ದೆ ಕೇಳಿದ ಅಂತ ಗೊತ್ತಾದರೆ ಎಚ್ಚರಪ್ಪನ ಮಾನ ಏನಾಗಬೇಕು?

ಎಲ್ಲಿ ಬಿದ್ದರೂ ಮಲಗುವವನಿಗೆ ಆ ಕೋಣೆ ಸಿಗುವುದು ಅಂದರೆ! ಹಲ್ಲಿಲ್ಲದವನ ಮನೆಯಲ್ಲಿ ಕಡಲೆ ಅಂದ ಹಾಗೆ. ಯೋಚಿಸಿದಷ್ಟೂ ಅವನಿಗೆ ಮೈಯೆಲ್ಲ ಉರಿ. ಮತ್ತೆ ಬಾಮೈದನ ತೋಳು ನೋಡಿದರೆ, ಪರೀಕ್ಷೆಯಲ್ಲಿ ಅವನನ್ನು ಹಿಂದೆ ಹಾಕುವುದು ಆಗದ ಮಾತು ಅನ್ನುವುದು ಕುರುಡನಿಗೂ ಕಾಣುತ್ತಿತ್ತು.

ಲೀಡಿಂಗ್ ಇಲ್ಲದ ಈ ಎರಡು ವಾರ ಪಾಳಿ ಪಟ್ಟಿ ಬರೆಯುವ ಕೆಲಸ ಹಿರಿಯನಾದ ಎಚ್ಚರಪ್ಪನ ಕೈಗೆ ಬಂತು. ಠಾಣೆಯ ಫೋನನ್ನು ರಾತ್ರಿ ಒಂಟಿಯಾಗಿ ಬಿಡುವಂತಿಲ್ಲ. ಹತ್ತರಿಂದ ಬೆಳಗಿನ ಆರರವರೆಗೆ ಎರಡೆರಡು ಗಂಟೆಯ ನಾಲ್ಕು ಪಾಳಿ, ಪಾಳಿ ಮುಗಿಸಿದವನು ಮುಂದಿನವನನ್ನು ಎಬ್ಬಿಸಿ ಮಲಗಬೇಕು. ನಾಲ್ಕರಲ್ಲಿ ಎರಡರಿಂದ ನಾಲ್ಕರ ಪಾಳಿ ಅಂದರೆ ಎಲ್ಲರಿಗೂ ಅಲರ್ಜಿ. ಹಿಂದೆಯೂ ನಿದ್ದೆ ಇಲ್ಲ, ಮುಂದೆಯೂ ಇಲ್ಲ; ಹಣ್ಣಿನ ನಡುವಿನ ತಿರುಳನ್ನೇ ತೋಡಿ ತೆಗೆದ ಹಾಗೆ. ಅದಕ್ಕೇ ಅದನ್ನು ಒಬ್ಬೊಬ್ಬರಿಗೆ ಒಂದೊಂದು ದಿನ ಹಂಚುವುದು ಠಾಣೆಯ ಹಳೇ ಪದ್ಧತಿ.

ಎಚ್ಚರಪ್ಪ ಗೆರೆ ಹೊಡೆದು, ದುಂಡಗೆ ಬರೆದ. ಏಳು ಡ್ಯೂಟಿ ದಿನಕ್ಕೂ ಎರಡರಿಂದ ನಾಲ್ಕು ಬಾಮೈದ. ಯಾರಿಗೂ ಅನುಮಾನ ಬರಬಾರದಲ್ಲ, ನಾಲ್ಕರಿಂದ ಆರಕ್ಕೆ ಏಳು ದಿನವೂ ತನ್ನದೇ ಹೆಸರು. ತನಗೆ ಹೇಗೂ ನಿದ್ದೆಯಿಲ್ಲ, ಕಳೆದುಕೊಳ್ಳುವುದೇನು?

ಪಟ್ಟಿ ನೋಡಿ ಗಾಡಿಯ ಡ್ರೈವರ್ ಹುಬ್ಬೇರಿಸಿದ. "ಇದೇನಣ್ಣ, ಒಬ್ಬನ ತಲೆ ಮೇಲೇ ಏಳು ದಿನ?"

"ಲೀಡಿಂಗ್ ಆಗೋನು ಎಲ್ಲ ಕಷ್ಟ ನೋಡಿರಬೇಕು. ನಾನೂ ಪಕ್ಕದಲ್ಲೇ ಬರೆದುಕೊಂಡಿಲ್ವಾ?" ಅಂದ ಎಚ್ಚರಪ್ಪ, ಕಣ್ಣು ತಪ್ಪಿಸಿ.

ಬಾಮೈದ ಪಟ್ಟಿ ಓದಿದ, ತಲೆ ಕೆರೆದುಕೊಂಡ. "ಸರಿ ಭಾವ" ಅಂದ. ಅಷ್ಟೇ. ಜಗಳವಾಡಿದ್ದರೆ ಎಚ್ಚರಪ್ಪನಿಗೆ ಸಮಾಧಾನವಾಗುತ್ತಿತ್ತು.

ಮೊದಲ ಡ್ಯೂಟಿಯ ಬೆಳಿಗ್ಗೆ ಒಂದು ವಿಚಿತ್ರ ನಡೆಯಿತು. ಎಚ್ಚರಪ್ಪ ಕಣ್ಣು ಬಿಟ್ಟರೆ ಕಿಟಕಿಯಲ್ಲಿ ಬಿಸಿಲು! ಆರೂವರೆ. ನಾಲ್ಕಕ್ಕೆ ಯಾರೂ ಎಬ್ಬಿಸಿಲ್ಲ. ರಾತ್ರಿ ಹತ್ತೂವರೆಗೆ, ಆಹಾ, ಇವತ್ತು ಇವನ ಗೊರಕೆಗೆ ಕತ್ತರಿ ಬಿತ್ತು, ಅಂದುಕೊಂಡು ತಲೆ ಇಟ್ಟದ್ದು ನೆನಪಿತ್ತು. ಆಮೇಲಿನದು ನೆನಪಿರಲಿಲ್ಲ. ಎಷ್ಟು ವರ್ಷವಾಗಿತ್ತೋ ಹೀಗೆ ಮಲಗಿ! ಇನ್ನೊಬ್ಬ ಎಚ್ಚರವಿದ್ದಾನೆ ಅನ್ನುವ ಸಂತೋಷಕ್ಕೇ ಕಿವಿಗಳು ಕಾವಲು ಬಿಟ್ಟಿದ್ದವು.

ಫೋನಿನ ಕೋಣೆಗೆ ಓಡಿದ. ಬಾಮೈದ ಕೆಂಪು ಕಣ್ಣು ಮಾಡಿಕೊಂಡು ಕುರ್ಚಿಯಲ್ಲಿ ಕೂತಿದ್ದ.

"ಯಾಕೋ ಎಬ್ಬಿಸಲಿಲ್ಲ?"

"ನಂಗೆ ನಿದ್ದೆ ಬಂದಿರಲಿಲ್ಲ ಭಾವ, ಕೂತೇ ಇದ್ದೆ."

ನಿದ್ದೆ ಬರಲಿಲ್ಲವಂತೆ! ಇವನಿಗೆ! ಎಚ್ಚರಪ್ಪನಿಗೆ ಪಿತ್ತ ನೆತ್ತಿಗೇರಿತು. ನೋಡು, ನಾನೂ ನಿನ್ನ ಹಾಗೆ ರಾತ್ರಿಯೆಲ್ಲ ಕೂರಬಲ್ಲೆ ಅಂತ ತೋರಿಸಿಕೊಳ್ಳುತ್ತಿದ್ದಾನೆ. ನನ್ನದು ಅಂತ ಇದ್ದದ್ದು ಅದೊಂದೇ ಹೆಸರು, ಅದಕ್ಕೂ ಕೈ ಹಾಕಿದನಲ್ಲ! ಕೂರಲಿ, ಎಷ್ಟು ದಿನ ಕೂರುತ್ತಾನೋ ನೋಡೇಬಿಡೋಣ. ಮುಂದಿನ ಡ್ಯೂಟಿಯಲ್ಲೂ ಅದೇ ಆಯಿತು, ಅದರ ಮುಂದಿನದರಲ್ಲೂ ಅದೇ. ಎಚ್ಚರಪ್ಪ ಒಂದು ದಿನವೂ ಅಲಾರಂ ಇಟ್ಟುಕೊಳ್ಳಲಿಲ್ಲ.

ಬಿಡುವಿನ ದಿನ ಹಗಲಲ್ಲಿ ಬಾಮೈದ ಬಾಕಿ ನಿದ್ದೆ ತೀರಿಸಿಕೊಂಡರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಹಾಗಾಗಿ ಎಚ್ಚರಪ್ಪ ಹಿಂದಿನ ಕೋಣೆಯ ಗೋಡೆಗೆ ಒತ್ತಿದ ಶೆಲ್ಫು ರಿಪೇರಿಗೆ ಇಳಿದ. ಮೂರು ಮೊಳೆಯ ಕೆಲಸ. ಬೆಳಿಗ್ಗೆ ಹತ್ತಕ್ಕೆ ಶುರು, ಮಧ್ಯಾಹ್ನ ಎರಡಾದರೂ ಸುತ್ತಿಗೆ ಕೆಳಗಿಳಿಯಲಿಲ್ಲ.

"ಏನ್ರೀ ಇದು? ಹನ್ನೊಂದು ವರ್ಷದಿಂದ ಅಲ್ಲಾಡ್ತಿತ್ತು, ಒಂದಿನ ತಿರುಗಿ ನೋಡಲಿಲ್ಲ. ಇವತ್ತೇ ಬೇಕಿತ್ತಾ?"

"ಮಾಡದಿದ್ರೂ ಬೈತೀಯ, ಮಾಡಿದ್ರೂ ಬೈತೀಯ."

"ಅವನು ಮಲಗಿದಾನೆ."

"ಮಲಗೋನು ಗುಡುಗು ಬಂದ್ರೂ ಮಲಗ್ತಾನೆ ಬಿಡು" ಅಂದು ಇನ್ನೊಂದು ಮೊಳೆ ಹೊಡೆದ. ಅವಳು ಅವನ ಮುಖವನ್ನೇ ನೋಡಿದಳು. "ನೀವೇನ್ರೀ, ಮುಖ ತೊಳೆದಿಟ್ಟ ಹಾಗಿದೆ? ರಾತ್ರಿ ಮಲಗಿದ್ರಾ?" ಎಚ್ಚರಪ್ಪ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡ. "ಎಲ್ಲಿ ನಿದ್ದೆ, ನಿನ್ನ ತಲೆ" ಅಂದ.

ನಾಲ್ಕನೆಯ ಡ್ಯೂಟಿಯ ಹೊತ್ತಿಗೆ ಬಾಮೈದನಲ್ಲಿ ಫಲ ಕಾಣತೊಡಗಿತು. ಅಂಗಿಯ ಗುಂಡಿ ಮೇಲೆ ಕೆಳಗೆ. ಲೋಟದ ಪಕ್ಕಕ್ಕೆ ಚಹಾ ಸುರಿದು, ಬರಿ ಲೋಟ ಎತ್ತಿ ಬಾಯಿಗಿಟ್ಟ. ನಿದ್ದೆಗಣ್ಣಲ್ಲೂ ಕಟ್ಟುತ್ತಿದ್ದ ಹಗ್ಗದ ಗಂಟನ್ನು ಎರಡು ಸಲ ತಪ್ಪಾಗಿ ಹಾಕಿ, ಮೂರನೆಯ ಸಲ ಅದನ್ನೇ ಸರಿ ಅಂದುಕೊಂಡು ಎದ್ದುಹೋದ. ಎಚ್ಚರಪ್ಪ ಸುಮ್ಮನೆ ಗಂಟು ಬಿಚ್ಚಿ ಸರಿಯಾಗಿ ಕಟ್ಟಿದ. ಹಾಲು ಕುಡಿದಷ್ಟು ಸಂತೋಷ. ಎಲ್ಲೋ ಒಂದು ಮೂಲೆಯಲ್ಲಿ ಚುಚ್ಚಿತು, ಇಲ್ಲ ಅನ್ನಲಾಗದು. ಆದರೆ ಚುಚ್ಚಿದ್ದಕ್ಕಿಂತ ಸಂತೋಷವೇ ದೊಡ್ಡದಿತ್ತು.

ಪರೀಕ್ಷೆಯ ದಿನ ಬಂತು. ಏಳನೆಯ ರಾತ್ರಿ ಕಳೆದ ಬೆಳಿಗ್ಗೆ, ಪಾಳಿಯವರನ್ನೆಲ್ಲ ಡ್ಯೂಟಿಯಲ್ಲೇ ಉಳಿಸಿಕೊಂಡು, ಒಂಬತ್ತಕ್ಕೆ ಡ್ರಿಲ್ ಮೈದಾನದಲ್ಲಿ ಸಾಹೇಬರು ಗಡಿಯಾರ ಹಿಡಿದು ನಿಂತರು. ಪಕ್ಕದಲ್ಲಿ ಇಲಾಖೆಯ ಡಾಕ್ಟರ್, ದಪ್ಪ ಕನ್ನಡಕದ ಹೆಂಗಸು. ಮೊದಲು ಎಚ್ಚರಪ್ಪ. ಎರಡು ವಾರ ಚೆನ್ನಾಗಿ ಮಲಗಿದ ಮೈ ಹಗುರವಾಗಿತ್ತು, ನಾಲ್ಕನೆಯ ಮಹಡಿಯಲ್ಲಿ ಕೈಗವಸಿನ ನೆಪ ಬೇಕಾಗಲಿಲ್ಲ. ಬೊಂಬೆ ಗೆರೆ ದಾಟಿದಾಗ ಆರು ನಿಮಿಷ ಐದು ಸೆಕೆಂಡು. ಹೋದ ವರ್ಷಕ್ಕಿಂತ ಅರ್ಧ ನಿಮಿಷ ಕಡಿಮೆ! ಗೆದ್ದೆ ಅಂದುಕೊಂಡ. ಕಾರಿಡಾರಿನ ಕೊನೆಯ ಕೋಣೆಗೆ ಯಾವ ಬಣ್ಣದ ಪರದೆ ಅನ್ನುವವರೆಗೂ ಮನಸ್ಸು ಹೋಯಿತು.

ಆಮೇಲೆ ಬಾಮೈದ ಹೊರಟ. ಕಣ್ಣು ಗುಳಿಬಿದ್ದಿದ್ದವು, ನಡಿಗೆ ತೂರಾಡುವ ಹಾಗಿತ್ತು. ಆದರೆ ಸೀಟಿ ಊದಿದ್ದೇ ತಡ, ಆ ಮೈಗೆ ಏನಾಯಿತೋ! ಪೈಪಿನ ಕಟ್ಟು ಹೆಗಲಿಗೇರಿತು, ಕಾಲುಗಳು ಮೆಟ್ಟಿಲು ನುಂಗಿದವು, ನೀರು ತುಂಬಿದ ಪೈಪು ಹಾವಿನ ಹಾಗೆ ಹಿಂದೆ ಹರಿದು ಬಂತು. ಬೊಂಬೆಯನ್ನು ಮಗು ಎತ್ತಿದಂತೆ ಎತ್ತಿ ಗೆರೆ ದಾಟಿಸಿ ಕುಸಿದು ಕೂತ. ಐದು ನಿಮಿಷ ಮೂವತ್ತೆಂಟು ಸೆಕೆಂಡು. ಹೋದ ವರ್ಷ ಎಷ್ಟೋ, ಈ ವರ್ಷವೂ ಅಷ್ಟೇ.

ಎಚ್ಚರಪ್ಪ ಸಾಹೇಬರ ಗಡಿಯಾರವನ್ನು ಇಣುಕಿ ನೋಡಿದ. ಏಳು ರಾತ್ರಿಯ ನಿದ್ದೆ ಕಿತ್ತುಕೊಂಡರೂ ಇವನ ಮೈಯಿಂದ ಒಂದು ಸೆಕೆಂಡೂ ಉದುರಲಿಲ್ಲವಲ್ಲ! ದೇವರಿಗೆ ಕಣ್ಣಿಲ್ಲವೇ?

ಡಾಕ್ಟರ್ ಬಾಮೈದನ ನಾಡಿ ಹಿಡಿದು, ರೆಪ್ಪೆ ಎತ್ತಿ ನೋಡಿದರು. "ನಿನ್ನೆ ಎಷ್ಟು ಗಂಟೆ ಮಲಗಿದ್ದೆ?"

"ಮೂರು ಇರಬೇಕು ಡಾಕ್ಟ್ರೇ. ಮೊನ್ನೆ ಮನೇಲೂ ಅಷ್ಟೇ, ರಾತ್ರಿ ಎರಡಕ್ಕೇ ಎಚ್ಚರ ಆಗ್ಬಿಡ್ತು."

"ಮೈ ಎಳೆದಿದೆ ಅಂತ ಹಿಗ್ಗಬೇಡ. ಭಾರ ಎತ್ತು ಅಂದ್ರೆ ಮೈ ಎತ್ತಿಬಿಡುತ್ತೆ, ಅದು ಕತ್ತೆ ಇದ್ದ ಹಾಗೆ. ಕೈ ಕೊಡೋದು ತಲೆ. ಏನು ಮಾಡಿದೆ, ಏನು ಬಿಟ್ಟೆ ಅನ್ನೋದು ಗೊತ್ತಾಗಲ್ಲ. ಹೋಗಿ ಮಲಗು."

"ಆಯ್ತು ಡಾಕ್ಟ್ರೇ" ಅಂದು ಬಾಮೈದ ಎದ್ದ. ಮಾಸ್ಕು, ಸಿಲಿಂಡರ್ ಬಿಚ್ಚಿ ಗಾಡಿಯ ಗೂಡಿನಲ್ಲಿ ತೂಗುಹಾಕಿದ. ಬಳಸಿದ ಸಿಲಿಂಡರ್ ತೆಗೆದು ತುಂಬಿದ್ದನ್ನು ಕೂಡಿಸಿ, ಅದರ ಮುಳ್ಳು ತೋರಿಸುವ ಗಾಳಿಯ ಅಳತೆಯನ್ನು, ಪೂರ್ತಿ ತುಂಬಿದ್ದರೆ ಮುನ್ನೂರು, ತನ್ನ ಹೆಸರಿನ ಬಿಲ್ಲೆಯ ಮೇಲೆ ಬರೆದಿಡಬೇಕು. ಅದು ಊಟವಾದ ಮೇಲೆ ಕೈ ತೊಳೆದಷ್ಟೇ ಸಹಜವಾದ ಕೆಲಸ. ಅವನು ಬಿಲ್ಲೆಯ ಮೇಲೆ 'ಮುನ್ನೂರು' ಅಂತ ಬರೆದ. ಬೆಂಚಿನ ಮೇಲೆ ಒರಗಿದ.

ಹತ್ತು ನಿಮಿಷವಾಗಿರಲಿಲ್ಲ, ಬೆಲ್ ಹೊಡೆಯಿತು.

ರಟ್ಟಿನ ಪೆಟ್ಟಿಗೆಗಳ ಗೋದಾಮು. ಕಬ್ಬಿಣದ ಶಟರಿನ ಕೆಳಗಿಂದ ಹೊಗೆ ದಪ್ಪಗೆ ಉರುಳಿ ಬರುತ್ತಿತ್ತು. ಒಳಗೆ ಯಾರೂ ಇಲ್ಲವೆಂದು ಕಾವಲುಗಾರ ಹೇಳಿದ, ಆದರೆ ಹಿಂಬದಿಯ ಗೋಡೆಗೆ ಒತ್ತಿಕೊಂಡೇ ಮನೆಗಳ ಸಾಲು. ನಾಜಲ್ ಯಾರಿಗೆ? ಡಾಕ್ಟರ್ ಹೇಳಿದ್ದು ಸಾಹೇಬರ ಕಿವಿಗೆ ಬಿದ್ದಿರಲಿಲ್ಲ; ಅವರು ಒಂದು ಕ್ಷಣವೂ ಯೋಚಿಸದೆ ಬಾಮೈದನ ಕಡೆ ಬೆರಳು ತೋರಿಸಿದರು. ಅವನ ಹಿಂದೆ ಪೈಪು ಹಿಡಿಯಲು 'ಏಣಿ' ಅನ್ನುವ ಇನ್ನೊಬ್ಬ. ಉದ್ದಕ್ಕಿದ್ದದ್ದಕ್ಕೆ ಅವನಿಗೆ ಆ ಹೆಸರು. ಎಚ್ಚರಪ್ಪನಿಗೆ ಬಾಗಿಲಿನ ಹಲಗೆ.

ಹಲಗೆಯ ಕೆಲಸ ಚಿಕ್ಕದಲ್ಲ. ಒಳಗೆ ಹೋಗುವ ಪ್ರತಿಯೊಬ್ಬನೂ ತನ್ನ ಬಿಲ್ಲೆಯನ್ನು ಹಲಗೆಯವನ ಕೈಗೆ ಕೊಟ್ಟು ಹೋಗಬೇಕು. ಹಲಗೆಯವನು ಸಿಲಿಂಡರಿನ ಮುಳ್ಳನ್ನು ಸ್ವಂತ ಕಣ್ಣಿಂದ ನೋಡಿ, ಹೋದ ಹೊತ್ತು ಬರೆದು, ಗಾಳಿ ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ಲೆಕ್ಕ ಹಾಕಿ, ಅದಕ್ಕೆ ಮೊದಲೇ ಹೊರಗೆ ಕರೆಸಬೇಕು. ಬಾಯಿಮಾತು ನಡೆಯುವುದಿಲ್ಲ, ಕಣ್ಣಲ್ಲೇ ನೋಡಬೇಕು. ಹತ್ತೊಂಬತ್ತು ವರ್ಷ ಎಚ್ಚರಪ್ಪ ಇದರಲ್ಲಿ ಒಂದು ಸಲವೂ ತಪ್ಪಿದವನಲ್ಲ.

ಏಣಿಯ ಮುಳ್ಳು ನೋಡಿದ. ಬಾಮೈದ ಮುಂದೆ ಬಂದು ಬಿಲ್ಲೆ ಚಾಚಿದ.

"ಮುನ್ನೂರು ಭಾವ."

ಎಚ್ಚರಪ್ಪ ತಲೆ ಎತ್ತಲಿಲ್ಲ. ಆಗಷ್ಟೇ ಇಪ್ಪತ್ತೇಳು ಸೆಕೆಂಡಿನಿಂದ ತನ್ನನ್ನು ಸೋಲಿಸಿದ, ಕೋಣೆ ಕಿತ್ತುಕೊಂಡ, ಈಗ ನಾಜಲ್ಲನ್ನೂ ಹಿಡಿದುಕೊಂಡು ನಿಂತ ಆ ಮುಖವನ್ನು ನೋಡಲು ಅವನಿಗೆ ಮನಸ್ಸಿರಲಿಲ್ಲ. ಬಿಲ್ಲೆ ಕಿತ್ತುಕೊಂಡು ಹಲಗೆಗೆ ಸಿಕ್ಕಿಸಿದ. 'ಮುನ್ನೂರು' ಅಂತಲೇ ಲೆಕ್ಕ ಹಾಕಿದ. ಇಪ್ಪತ್ತೈದು ನಿಮಿಷ.

ಇಬ್ಬರೂ ಹೊಗೆಯಲ್ಲಿ ಮರೆಯಾದರು. ನೀರಿನ ಸದ್ದು ಕೇಳತೊಡಗಿತು. ಒಳ್ಳೇ ಸದ್ದು, ಎಲ್ಲಿ ಬೇಕೋ ಅಲ್ಲೇ ಬೀಳುವ ನೀರಿನದು. ಅದನ್ನು ಕೇಳಿ ಸಾಹೇಬರು ತಲೆದೂಗಿದರು. ಎಚ್ಚರಪ್ಪ ಹಲ್ಲು ಕಚ್ಚಿದ.

ಎಂಟನೆಯ ನಿಮಿಷಕ್ಕೆ ಏಣಿ ಒಬ್ಬನೇ ಪೈಪಿನ ಜಾಡು ಹಿಡಿದು ಬಾಗಿಲಿಗೆ ಬಂದ. "ಪೈಪು ಶಟರಿಗೆ ಸಿಕ್ಕಿಕೊಂಡಿದೆ ಅಣ್ಣ. ಬಿಡಿಸ್ಕೊಂಡು ಬಾ ಅಂತ ಅವನೇ ಕಳಿಸ್ದ."

"ಒಳಗೆ ಒಬ್ಬನ್ನೇ ಬಿಟ್ಟು ಬಂದ್ಯಾ? ಬುದ್ಧಿ ಇದೆಯಾ ಇಬ್ಬರಿಗೂ?"

ಸಲಾಕೆ ತರಲು ಎಚ್ಚರಪ್ಪ ಗಾಡಿಗೆ ಓಡಿ ಗೂಡಿನ ಬಾಗಿಲು ಎಳೆದ. ಅಲ್ಲಿ ಬಾಮೈದನ ಸಂಖ್ಯೆ ಬರೆದ ಬದಲಿ ಸಿಲಿಂಡರ್ ನಿಂತಿತ್ತು. ತುಂಬಿದ್ದು. ಮೊಹರು ಒಡೆದಿರಲಿಲ್ಲ.

ಹಾಗಾದರೆ ಅವನ ಬೆನ್ನ ಮೇಲಿರುವುದು ಬೆಳಿಗ್ಗೆ ಪರೀಕ್ಷೆಯಲ್ಲಿ ಅರ್ಧ ಖಾಲಿ ಮಾಡಿದ ಸಿಲಿಂಡರ್. ಬದಲಾಯಿಸಿಯೇ ಇಲ್ಲ. ಬದಲಾಯಿಸಿದೆ ಅಂದುಕೊಂಡು ಬಿಲ್ಲೆ ಬರೆದಿದ್ದಾನೆ.

ಎಚ್ಚರಪ್ಪ ಹಲಗೆಯನ್ನು ಡ್ರೈವರನ ಕೈಗೆ ತುರುಕಿ, ಮಾಸ್ಕು ಏರಿಸಿ, ಪೈಪಿನ ಜಾಡು ಹಿಡಿದು ಒಳಗೆ ನುಗ್ಗಿದ. ಇಪ್ಪತ್ತು ಹೆಜ್ಜೆ ಒಳಗೆ ಅವನಿಗೆ ಅದು ಕೇಳಿಸಿತು: ಗಾಳಿ ಮುಗಿಯುತ್ತಾ ಬಂತು ಅಂತ ಸಿಲಿಂಡರ್ ತಾನಾಗಿ ಊದುವ ಸೀಟಿ. ಆ ಸೀಟಿ ಕೇಳಿದರೆ ಹೊಸಬನೂ ತಿರುಗಿ ಓಡುತ್ತಾನೆ. ಬಾಮೈದ ಓಡುವುದಿರಲಿ, ತಿರುಗಿಯೂ ನೋಡಿರಲಿಲ್ಲ. ಒಂದು ಮಂಡಿ ನೆಲಕ್ಕೂರಿ, ಬಂಡೆಯ ಹಾಗೆ ಕೂತು, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಒಂದೇ ಸಮ ನೀರು ಹೊಡೆಯುತ್ತಿದ್ದ. ತೋಳು ಒಂಚೂರೂ ನಡುಗುತ್ತಿರಲಿಲ್ಲ.

ಎಚ್ಚರಪ್ಪ ಭುಜ ಹಿಡಿದು ಅಲುಗಿಸಿದ. ಮಾಸ್ಕಿನೊಳಗಿಂದ ಮಾತು ತೊದಲಿತು.

"ಭಾವ, ಆಗಿಂದ ಫೋನ್ ಹೊಡ್ಕೋತಿದೆ. ಯಾರಾದ್ರೂ ಎತ್ಕೊಳ್ರೋ..."

ಸೀಟಿ ನಿಂತಿತು, ಗಾಳಿ ಪೂರ್ತಿ ಮುಗಿದಿತ್ತು. ಆ ದೊಡ್ಡ ಮೈ ಒಂದು ಸಲ ಎಳೆದುಕೊಂಡು ಮುಂದಕ್ಕೆ ಬಿತ್ತು.

ಎಚ್ಚರಪ್ಪ ಅವನ ಕಂಕುಳಿಗೆ ಕೈ ಹಾಕಿ ಎಳೆದ. ಬೊಂಬೆಯಾದರೆ ಎಳೆದತ್ತ ಬರುತ್ತದೆ. ಮನುಷ್ಯ ಬರುವುದಿಲ್ಲ, ಕೈ ಒಂದು ಕಡೆ, ತಲೆ ಒಂದು ಕಡೆ. ಮೂರು ಸಲ ಜಾರಿಬಿದ್ದ. "ಏಳೋ, ಏಳೋ ಮಾರಾಯ" ಅಂತ ಮಾಸ್ಕಿನೊಳಗೇ ಅರಚಿದ. ಬಾಗಿಲ ಬಳಿ ಏಣಿಯ ಕೈ ಸಿಕ್ಕಿತು.

ಆಸ್ಪತ್ರೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಅಲ್ಲಿಯ ಡಾಕ್ಟರ್ ಹೊರಗೆ ಬಂದು, ಹೊಗೆ ಕುಡಿದಿದ್ದಾನೆ, ಜೀವಕ್ಕೆ ಅಪಾಯವಿಲ್ಲ, ಅಂದರು. ಸಾಹೇಬರು ಎಚ್ಚರಪ್ಪನ ಬೆನ್ನು ತಟ್ಟಿದರು. "ಗೂಡಿನಲ್ಲಿರೋ ಸಿಲಿಂಡರ್ ನೋಡಿ ಅರ್ಥ ಮಾಡ್ಕೊಂಡೆಯಲ್ಲ, ಅದು ಕಣ್ಣು ಅಂದ್ರೆ. ಸೆಕೆಂಡು ಗಿಕೆಂಡು ಎಲ್ಲ ಆಮೇಲೆ. ಸಿಲಿಂಡರ್ ಬದಲಾಯಿಸೋಕೆ ಮರೆಯೋನಿಗೆ ನಾನು ಲೀಡಿಂಗ್ ಕೊಡಲ್ಲ. ಹುದ್ದೆ ನಿನ್ನದೇ. ನಾಳೆ ಕಾಗದ ಕಳಿಸ್ತೀನಿ."

ಬೇಡಿದ ವರವೇ ಕೈಗೆ ಬಂತು. ಆ ಕ್ಷಣ ಬಾಯಿ ಬಿಟ್ಟಿದ್ದರೆ ಎಚ್ಚರಪ್ಪ ಎಲ್ಲ ಹೇಳಿಬಿಡುತ್ತಿದ್ದನೋ ಏನೋ, ಆದರೆ ಬಿಡಲಿಲ್ಲ. ಸಾಹೇಬರು ಹೋದರು.

ಕಾರಿಡಾರಿನ ಬೆಂಚಿನಲ್ಲಿ ಹೆಂಡತಿ ಕೂತಿದ್ದಳು. ಅಳು ನಿಂತಿತ್ತು, ಮೂಗು ಕೆಂಪಾಗಿತ್ತು. ಅವನು ಪಕ್ಕದಲ್ಲಿ ಕೂತ ಕೂಡಲೇ ಅವನ ಕೈ ಹಿಡಿದುಕೊಂಡಳು.

"ನೀವು ಇಲ್ಲದಿದ್ರೆ ನನ್ನ ತಮ್ಮ ಇರ್ತಿರಲಿಲ್ಲ ರೀ. ತಪ್ಪೆಲ್ಲ ನಂದು."

"ನಿಂದೇನು ತಪ್ಪು?"

"ನಿಮಗೆ ಹೇಳಬೇಡ ಅಂತ ಅವನ ಹತ್ರ ಆಣೆ ಹಾಕಿಸ್ಕೊಂಡಿದ್ದೆ. ಮೊದಲನೇ ರಾತ್ರಿ ಅವನು ನಿಮ್ಮನ್ನ ಎಬ್ಬಿಸೋಕೆ ಬಂದ್ನಂತೆ. ನೀವು ಗೊರಕೆ ಹೊಡೀತಿದ್ರಂತೆ. ಮನಸ್ಸಾಗಲಿಲ್ಲ ಅಕ್ಕ, ಅಂದ. ನನಗೆ ಅಳು ಬಂದ್ಬಿಡ್ತು ರೀ. ನೀವು ನೆಮ್ಮದಿಯಾಗಿ ಮಲಗಿದ್ದನ್ನ ಹತ್ತು ವರ್ಷದಿಂದ ನಾನು ನೋಡಿಲ್ಲ. ಪರೀಕ್ಷೆವರೆಗೂ ಅವರನ್ನ ಎಬ್ಬಿಸಬೇಡ ಕಣೋ, ಅವರ ಪಾಳೀನೂ ನೀನೇ ಕೂತ್ಕೋ, ಅಂತ ನಾನೇ ಕೈ ಮುಗಿದು ಕೇಳಿದೆ. ನನ್ನ ಗಂಡನ ನಿದ್ದೆಗೆ ನನ್ನ ತಮ್ಮನ್ನ ಇಲ್ಲಿಗೆ ತಂದೆ ನಾನು."

ಎಚ್ಚರಪ್ಪ ಕೈ ಬಿಡಿಸಿಕೊಂಡ. ಇಷ್ಟು ವರ್ಷ ಯಾರ ಮೇಲೆ ಯಾಕೆ ಹೊಟ್ಟೆ ಉರಿಸಿಕೊಂಡೆ ಅನ್ನುವುದೇ ಅವನಿಗೆ ತಿಳಿಯದಾಯಿತು.

"ಆ ಪಟ್ಟಿ ಬರೆದೋನು ನಾನು," ಅಂದ. "ಅವನಿಗೆ ಏಳು ದಿನವೂ ನಡುರಾತ್ರಿ ಪಾಳಿ ಹಾಕಿದ್ದು ಬೇಕೂ ಅಂತಲೇ. ಪರೀಕ್ಷೇಲಿ ಸೋಲಲಿ ಅಂತ. ಶೆಲ್ಫಿಗೆ ಮೊಳೆ ಹೊಡೆದದ್ದೂ ಅದಕ್ಕೇ. ಇವತ್ತು ಅವನ ಸಿಲಿಂಡರ್ ಮುಳ್ಳು ನಾನು ನೋಡಲಿಲ್ಲ. ಅವನ ಮುಖ ನೋಡೋಕೆ ಆಗಲಿಲ್ಲ, ಅದಕ್ಕೆ."

ನರ್ಸೊಬ್ಬಳು ತಳ್ಳುಗಾಡಿ ದೂಡಿಕೊಂಡು ಅವರ ಮುಂದೆಯೇ ಹೋದಳು.

"ಹೊಟ್ಟೆಕಿಚ್ಚಿಗೆ ನೀವು ಅವನ ಎರಡು ಗಂಟೆ ಕದ್ರಿ. ಪ್ರೀತಿಗೆ ನಾನು ಇನ್ನೆರಡು ಗಂಟೆ ಕದ್ದೆ. ಇಬ್ಬರೂ ಸೇರಿ ಅವನನ್ನ ಮುಗಿಸ್ತಿದ್ವಿ," ಅಂದಳು ಕೊನೆಗೆ. "ಏಳಿ. ಸಾಹೇಬರಿಗೆ ಹೋಗಿ ಹೇಳಿ. ನೀವು ಹೇಳದಿದ್ರೆ ನಾನು ಹೇಳ್ತೀನಿ."

ಹೋದ. ಠಾಣೆಯ ಗೋಡೆಯಿಂದ ಪಟ್ಟಿ ಕಿತ್ತು ಸಾಹೇಬರ ಮೇಜಿನ ಮೇಲಿಟ್ಟು, ನಿಂತುಕೊಂಡೇ ಎಲ್ಲ ಹೇಳಿದ. ಸಾಹೇಬರು ಬೈದಿದ್ದರೆ ಚೆನ್ನಾಗಿತ್ತು. ಅವರು ಪಟ್ಟಿಯನ್ನು ಎರಡು ಸಲ ಓದಿ, ಮಡಿಸಿ ಡ್ರಾಯರಿಗೆ ಹಾಕಿದರು. "ಇನ್ನು ನೀನು ಹಲಗೆ ಹಿಡಿಯಬೇಡ," ಅಂದರು. "ಹುದ್ದೆ ಅವನಿಗೆ. ನೀನೇ ಹೋಗಿ ಹೇಳು."

ಸಂಜೆ ಅವನು ವಾರ್ಡಿಗೆ ಬಂದಾಗ ಬಾಮೈದ ಎಚ್ಚರವಾಗಿದ್ದ. ಮೂಗಿಗೆ ನಳಿಕೆ, ದನಿ ಕೀರಲು. ಎಚ್ಚರಪ್ಪ ಕುರ್ಚಿ ಎಳೆದು ಕೂತು, ಮೂರನೆಯ ಸಲ ಅದೇ ಕಥೆ ಹೇಳಿದ. ಸಲದಿಂದ ಸಲಕ್ಕೆ ಸುಲಭವಾಗುತ್ತದೆ ಅಂದುಕೊಂಡಿದ್ದ, ಆಗಲಿಲ್ಲ. ಆ ಕೋಣೆಯ ಆಸೆ, ಆ ಬಾಗಿಲಿನ ಆಸೆ, ಅದನ್ನೂ ಹೇಳಿದ. ಅದು ಯಾರಿಗೂ ಹೇಳದೇ ಇದ್ದದ್ದು.

ಬಾಮೈದ ಚಾವಣಿ ನೋಡುತ್ತಾ ಕೇಳಿಸಿಕೊಂಡ.

"ಮಲಗೋಕೆ ಒಂದು ಕೋಣೆ ಬೇಕು ಅಂತಾನಾ ಇಷ್ಟೆಲ್ಲ?"

"ಹೂಂ ಕಣೋ."

"ನನಗೆ ಆ ಕೋಣೆ ಯಾಕೆ ಭಾವ? ನಾನು ಎಲ್ಲಿ ಬೇಕಾದ್ರೂ ಮಲಗ್ತೀನಿ. ಕೇಳಿದ್ರೆ ಕೊಡ್ತಿದ್ದೆ. ಪರೀಕ್ಷೆಗೇ ನಿಲ್ತಿರಲಿಲ್ಲ."

ಬಾಮೈದ ಮಗ್ಗುಲು ತಿರುಗಿದ, ಗೋಡೆಯ ಕಡೆಗೆ.

"ಈಗ ಕೊಡಲ್ಲ," ಅಂದ.

ಎರಡು ನಿಮಿಷ ಕಳೆಯಲಿಲ್ಲ, ಗೊರಕೆ ಶುರುವಾಯಿತು. ಎಚ್ಚರಪ್ಪ ಕುರ್ಚಿಯಲ್ಲೇ ಕೂತು ಕೇಳಿದ.